ನಿಧಾನಪ್ಪನ ಮಗಳು ಓದಿದ್ದು

ನಮ್ಮ ಬೀದಿಯ ಕಟಿಂಗ್ ಶಾಪಿನವನಿಗೆ ತಂದೆತಾಯಿ ಇಟ್ಟ ಹೆಸರೇನೆಂದು ಯಾರೂ ಕೇಳಿದ್ದಿಲ್ಲ. ಅವನು ನಿಧಾನಪ್ಪ. ಬೇರೆ ಕಡೆ ಹದಿನೈದು ನಿಮಿಷಕ್ಕೆ ಮುಗಿಯುವ ತಲೆ ಇವನ ಕೈಯಲ್ಲಿ ಮುಕ್ಕಾಲು ಗಂಟೆ ಹಿಡಿಯುತ್ತದೆ. ನನ್ನಂಥ ಅರೆಬೋಳು ತಲೆಗೂ ಅಷ್ಟೇ ಹೊತ್ತು. "ಇರೋದೇ ನಾಲ್ಕು ಕೂದಲು, ಬೇಗ ಮುಗಿಸಯ್ಯಾ" ಎಂದರೆ, "ನಾಲ್ಕೇ ಇರೋದ್ರಿಂದಾನೇ ಸರ್, ಹುಷಾರಾಗಿ ನೋಡ್ಕೋಬೇಕು" ಎನ್ನುತ್ತಾನೆ. ನಿಧಾನವೇ ಪ್ರಧಾನ ಎಂಬ ಗಾದೆಯನ್ನು ಅಕ್ಷರಶಃ ಪಾಲಿಸುವ ಮನುಷ್ಯನನ್ನು ನಾನು ಕಂಡಿದ್ದು ಇವನೊಬ್ಬನನ್ನೇ.

ನಾನಾದರೋ ತಾಳ್ಮೆಗೆ ಹೆಸರಾದವನಲ್ಲ. ಮೂವತ್ತೊಂದು ವರ್ಷ ಮುದ್ರಣಾಲಯದಲ್ಲಿ ಕೂತು ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕಿ, ಕರಡು ತಿದ್ದಿ ನಿವೃತ್ತನಾದವನು. ಆ ಕೆಲಸ ಮನುಷ್ಯನ ಸ್ವಭಾವವನ್ನೂ ಹಾಳು ಮಾಡುತ್ತದೆ. ಮನೆಯಲ್ಲಿ ನನ್ನ ತಿದ್ದಾಟ ತಡೆಯಲಾರದೆ ಸೊಸೆಯೇ, "ಮಾವಾ, ಕಟಿಂಗ್ ಮಾಡಿಸ್ಕೊಂಡು ಬನ್ನಿ" ಎಂದು ಕಳಿಸುತ್ತಿದ್ದಳು. ಹಾಗಾಗಿ ತಲೆಯಲ್ಲಿ ಕೂದಲಿರಲಿ ಬಿಡಲಿ, ಸಂಜೆಯ ಹೊತ್ತಿಗೆ ನಾನು ನಿಧಾನಪ್ಪನ ಬೆಂಚಿನ ಮೇಲೆ ಇರುತ್ತಿದ್ದೆ.

ಅಂಗಡಿ ಎಂದರೆ ಒಂದು ಬಾಗಿಲಿನಗಲದ ಕೋಣೆ. ಎರಡು ಕುರ್ಚಿ, ಅದರಲ್ಲೊಂದರ ಕತ್ತಿನ ಆಸರೆ ಮುರಿದು, ಈಗ ಅದು ಟವೆಲ್ ಒಣಗಿಸುವ ಕುರ್ಚಿ. ಗೋಡೆಗೆ ಮೂರು ಕನ್ನಡಿ. ಕಾಯುವವರಿಗೆ ಒಂದು ಉದ್ದನೆಯ ಬೆಂಚು. ಆ ಬೆಂಚಿನ ಬಾಗಿಲ ಕಡೆಯ ತುದಿ ಚೂಟಿಯದು. ಚೂಟಿ ಅವನ ಒಬ್ಬಳೇ ಮಗಳು, ಏಳು ವರ್ಷ, ಎರಡನೇ ತರಗತಿ. ತಾಯಿ ಆಸ್ಪತ್ರೆಯಲ್ಲಿ ಹೊದಿಕೆ, ದಿಂಬಿನ ಚೀಲ ಒಗೆಯುವ ಕಡೆ ಕೆಲಸ ಮಾಡುತ್ತಾಳೆ, ಬರುವಾಗ ಏಳು ಹೊಡೆಯುತ್ತದೆ. ಅಲ್ಲಿಯವರೆಗೆ ಮಗು ಅಪ್ಪನ ಅಂಗಡಿಯಲ್ಲೇ. ಮಾತು ಅರಳು ಹುರಿದಂತೆ. ಅಪ್ಪನ ನಿಧಾನವನ್ನೆಲ್ಲ ಸರಿದೂಗಿಸಲು ದೇವರು ಇವಳ ನಾಲಿಗೆಗೆ ಮೋಟರು ಕೂಡಿಸಿದ್ದಾನೆ ಎಂದು ನಾನೇ ಹೇಳುತ್ತಿದ್ದೆ.

ದಿನಾ ಅರ್ಧ ಗಂಟೆ ಮಗುವಿನಿಂದ ಗಟ್ಟಿಯಾಗಿ ಓದಿಸಿ ಎಂದು ಪೋಷಕರ ಸಭೆಯಲ್ಲಿ ಟೀಚರ್ ಹೇಳಿದ್ದರು. ನಿಧಾನಪ್ಪ ಐದನೇ ತರಗತಿಗೆ ಶಾಲೆ ಬಿಟ್ಟವನು. ಟೀಚರ್ ಬಾಯಿಂದ ಬಂದ ಮೇಲೆ ಅವನಿಗೆ ಅದು ಕಾನೂನು. ನಾಲ್ಕು ಗಂಟೆಗೆ ಚೂಟಿ ಬಂದು, ಹಾಲು ಕುಡಿದು, ಬಾಯಿ ಒರೆಸಿಕೊಂಡು, ಶಾಲೆಯಿಂದ ತಂದ ಕಥೆ ಪುಸ್ತಕ ಮುಖದೆದುರು ಎತ್ತಿ ಹಿಡಿಯುತ್ತಿದ್ದಳು. ಆಮೇಲೆ ನೋಡಬೇಕು!

"ಒಂದು ಒಂಟೆ ಇತ್ತು. ಅದು ಕಟಿಂಗ್ ಶಾಪಿಗೆ ಬಂತು. 'ನಂಗೆ ಕಟಿಂಗ್ ಬೇಡ, ಈ ಗೂನು ತೆಗೀರಿ' ಅಂತು. ಅಂಗಡಿಯವ್ನು, 'ಗೂನಿಗೆ ಕತ್ತರಿ ಹತ್ತಲ್ಲ, ಬೇಕಾದ್ರೆ ಪೌಡರ್ ಹಾಕಿ ಕಳಿಸ್ತೀನಿ' ಅಂದ."

ಅವತ್ತು ಕುರ್ಚಿಯಲ್ಲಿದ್ದವನು ನಾನು. ನಕ್ಕ ರಭಸಕ್ಕೆ ತಲೆ ಅಲ್ಲಾಡಿ ಬಲಗಿವಿ ಮುಂದಿನ ಕೃದಾ ಎಡಗಡೆಯದಕ್ಕಿಂತ ಗಿಡ್ಡವಾಯಿತು. ನಿಧಾನಪ್ಪ ನನ್ನ ತಲೆಯಿಂದ ಕಣ್ಣು ತೆಗೆಯದೆ, "ಹ್ಞೂಂ, ಮುಂದೆ ಓದು ಪುಟ್ಟಾ" ಎಂದ. ಕತ್ತರಿ ಹಿಡಿದವನು ಕಣ್ಣನ್ನು ತಲೆಯಿಂದ ಆಚೆ ಕೊಂಡೊಯ್ಯುವ ಹಾಗಿಲ್ಲ. ಅದೇ ಅವನ ಕಸುಬಿನ ಮೊದಲ ಪಾಠ.

ಕೆಲವೇ ವಾರಗಳಲ್ಲಿ ನಾಲ್ಕು ಗಂಟೆಗೆ ಬೆಂಚು ತುಂಬತೊಡಗಿತು. ಬೇಕರಿಯವನು ಬರುತ್ತಿದ್ದ, ಔಷಧಿ ಅಂಗಡಿಯವನು ಬರುತ್ತಿದ್ದ. ಕೂದಲು ಬೆಳೆಯಲು ಪುರುಸೊತ್ತು ಕೊಡದೆ ಬರುತ್ತಿದ್ದರು. ನಿಧಾನಪ್ಪ ಎದೆಯುಬ್ಬಿಸಿ, "ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ ಸರ್. ನಿಮ್ಮಂಥ ತಿಳಿದವರು ಹೇಳಿ, ಹೇಗೆ ಓದ್ತಾಳೆ?" ಎಂದ. ಕುರ್ಚಿಯಲ್ಲಿದ್ದ ನಾನು ಕನ್ನಡಕವಿಲ್ಲದ ಕಣ್ಣು ಮುಚ್ಚಿಕೊಂಡೇ ಪ್ರಮಾಣಪತ್ರ ಕೊಟ್ಟೆ: "ಉಚ್ಚಾರಣೆ ಶುದ್ಧ. ಒಂದು ಕಡೆಯಾದರೂ ತಡವರಿಸೋದಿಲ್ಲ ಕಣಯ್ಯಾ!" ಏಳು ವರ್ಷದ ಮಗು ಓದುವಾಗ ತಡವರಿಸುವುದೇ ಇಲ್ಲ ಎಂದರೆ ಅನುಮಾನ ಬರಬೇಕಾಗಿದ್ದು ಅಲ್ಲೇ. ನನಗೆ ಬರಲಿಲ್ಲ.

ಒಂದು ದಿನ ಬೆಳಿಗ್ಗೆ ಶಾಲೆಯಿಂದ ನಿಧಾನಪ್ಪನಿಗೆ ಕರೆ ಬಂತು. ನಾನು ಬೆಂಚಿನ ಮೇಲೆ ಪತ್ರಿಕೆಯ ತಪ್ಪು ಹುಡುಕುತ್ತಾ ಅಂಗಡಿ ಕಾದೆ. ಅವನು ವಾಪಸ್ ಬಂದವನೇ ಗಿರಾಕಿಯ ಕುರ್ಚಿಯಲ್ಲಿ ಕುಸಿದು ಕೂತ. ಅವನು ಆ ಕುರ್ಚಿಯಲ್ಲಿ ಕೂತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಸರ್, ಆ ಪುಸ್ತಕದಲ್ಲಿ ಒಂಟೆ ಉಪ್ಪು ಹೊತ್ಕೊಂಡು ಮರಳಲ್ಲಿ ಹೋಗತ್ತೆ. ಅಷ್ಟೇ. ಕಟಿಂಗ್ ಶಾಪೇ ಇಲ್ಲ!"

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ. ಚಿತ್ರ ನೋಡಿ ನೋಡಿ ಅವಳೇ ಕಟ್ಟಿ ಹೇಳ್ತಾ ಇದ್ಲು. ಅವಳಿಗೆ ಓದೋಕೇ ಬರಲ್ಲ ಸರ್."

ಚೂಟಿಗೆ ಬಿಡಿ ಅಕ್ಷರ ಗೊತ್ತು, ನೋಡಿ ಬರೆಯುವುದಂತೂ ಮುತ್ತು ಪೋಣಿಸಿದ ಹಾಗೆ. ಅದಕ್ಕೇ ಹೋಂವರ್ಕ್ ಪುಸ್ತಕ ನೋಡುತ್ತಿದ್ದ ತಾಯಿಗೂ ಗೊತ್ತಾಗಿರಲಿಲ್ಲ. ಅಕ್ಷರ ಕೂಡಿಸಿ ಪದ ಮಾಡು ಎಂದರೆ ಮಾತ್ರ ಬಾಯಿ ಬಂದ್. ಒತ್ತಕ್ಷರ ಕಂಡರೆ ಹೊಟ್ಟೆನೋವು. ವರ್ಷದ ಕೊನೆಗೆ, ಅಂದರೆ ಇನ್ನು ಎರಡೂವರೆ ತಿಂಗಳಿಗೆ, ಎಂದೂ ನೋಡದ ಒಂದು ಪುಟ ಕೊಟ್ಟು ಓದಿಸುತ್ತಾರಂತೆ. ಓದದಿದ್ದರೆ ಇನ್ನೊಂದು ವರ್ಷ ಎರಡರಲ್ಲೇ. ದಿನಾ ಕೈಹಿಡಿದುಕೊಂಡು ಜೊತೆಗೆ ಶಾಲೆಗೆ ಹೋಗುವ ಪಕ್ಕದ ಮನೆಯ ಗೆಳತಿ ಮೂರಕ್ಕೆ ಹೋಗುತ್ತಾಳೆ, ಇವಳು ಹಿಂದೆ ಉಳಿಯುತ್ತಾಳೆ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ಮೂರು ಕನ್ನಡಿ ಇಟ್ಟುಕೊಂಡೂ ನಮಗೆ ಕಾಣಲಿಲ್ಲ. ಅಪ್ಪನ ಕಣ್ಣು ಗಿರಾಕಿಯ ತಲೆ ಮೇಲೆ; ಗಿರಾಕಿಯ ಕನ್ನಡಕ ಸ್ಟ್ಯಾಂಡಿನ ಮೇಲೆ, ಗದ್ದ ಎದೆಯ ಮೇಲೆ; ಬೆಂಚಿನ ಮೇಲಿದ್ದವರ ಮುಖ ಪತ್ರಿಕೆಯೊಳಗೆ. ಇಡೀ ಅಂಗಡಿಯಲ್ಲಿ ಆ ಪುಟವನ್ನು ನೋಡಿದ ಒಂದು ಕಣ್ಣೂ ಇರಲಿಲ್ಲ. ನನಗೆ ಕೆಂಡದಂಥ ಸಿಟ್ಟು ಬಂತು, ಬಹುಪಾಲು ನನ್ನ ಮೇಲೆಯೇ. ಬೈದದ್ದು ಮಾತ್ರ ಬೇಕರಿಯವನನ್ನು.

ಸಂಜೆ ತಾಯಿಗೆ ವಿಷಯ ತಿಳಿಯಿತು. ಆಕೆ ಬಾಗಿಲಲ್ಲಿ ಚೀಲ ಹಿಡಿದು ನಿಂತೇ ಕೇಳಿದಳು. ಒಗೆದೊಗೆದು ಬಿಳಿಚಿಕೊಂಡ ಬೆರಳುಗಳಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಾಳೆ ಎಂದುಕೊಂಡರೆ ನಗು.

"ಊರವರ ತಲೆ ನೀವು ಬೋಳಿಸಿದ್ರೆ, ನಿಮ್ಮ ತಲೇನ ಇವಳು ಬೋಳಿಸಿದಾಳಲ್ರೀ! ಅದೂ ನಿಮ್ಮದೇ ಅಂಗಡೀಲಿ!" ಎಂದಳು. ಆಮೇಲೆ ಅತ್ತಳು.

ಚೂಟಿ ಬೆಂಚಿನ ತುದಿಯಲ್ಲಿ ಮುದುಡಿ ಕೂತಿದ್ದಳು. ನಿಧಾನಪ್ಪ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿದ: "ಯಾಕೆ ಪುಟ್ಟಾ, ನಂಗೆ ಹೇಳ್ಬಾರ್ದಿತ್ತಾ?"

"ಓದಿದ್ರೆ ನಿಧಾನ ಆಗತ್ತೆ. ಕ್ಲಾಸಲ್ಲಿ ಎಲ್ರೂ ನಗ್ತಾರೆ," ಎಂದಳು ಅವಳು. "ಇಲ್ಲೂ ನಗ್ತಾರೆ. ಆದ್ರೆ ಇಲ್ಲಿ ಕಥೆಗೆ ನಗ್ತಾರೆ."

ನಿಧಾನಪ್ಪ ಅವಳ ಮುಂಗುರುಳು ಸರಿಮಾಡಿ, "ನಿಧಾನ ಅಂದ್ರೆ ನಂಗೇನು ಅವಮಾನಾನಾ? ನನ್ನ ಹೆಸರೇ ಅದು" ಎಂದ.

ಮೊದಲ ಚಿಕಿತ್ಸೆ ನನ್ನದು. ನೂರು ಪದಗಳ ಪಟ್ಟಿ ಬರೆದು, ಒಂದೊಂದನ್ನೂ ಹತ್ತು ಸಲ ಓದಬೇಕೆಂದು ಕಟ್ಟಪ್ಪಣೆ ಮಾಡಿದೆ. ಮೊದಲ ದಿನ ಆಕಳಿಕೆ, ಎರಡನೇ ದಿನ ಹೊಟ್ಟೆನೋವು, ಮೂರನೇ ದಿನ ಪಟ್ಟಿಯೇ ಕಾಣೆ. ಕೂದಲಿನ ಜೊತೆ ಗುಡಿಸಿಹೋಗಿರಬೇಕು ಎಂದಳು ಚೂಟಿ. ನಾನು ಹುಡುಕಲಿಲ್ಲ.

ದಾರಿ ತೋರಿಸಿದ್ದು ಔಷಧಿ ಅಂಗಡಿಯವನು, ಅದೂ ಗೊತ್ತಿಲ್ಲದೆ. ಅವನು ಒಂಟೆ ಕಥೆಯನ್ನು ಇನ್ನೊಮ್ಮೆ ಹೇಳಿಸಿದ. ಚೂಟಿ ಹೇಳಿದಳು. "ಏಯ್, ಪೌಡರ್ ಎಲ್ಲಿ ಹೋಯ್ತು? ಹೋದ್ಸಲ ಪೌಡರ್ ಇತ್ತಲ್ಲ" ಎಂದು ತಕರಾರು ತೆಗೆದ. "ಮರ್ತುಹೋಯ್ತು" ಎಂದಳು, ನಿಜಕ್ಕೂ ಬೇಜಾರಾಗಿ. ನಿಧಾನಪ್ಪನ ಕತ್ತರಿ ನಿಂತಿತು. "ಬರೆದಿಟ್ರೆ ಮರೆಯೋದಿಲ್ಲ, ಅಲ್ವಾ?" ಎಂದ.

ಮಾರನೇ ದಿನದಿಂದ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವನು ಹಿಂದಿನ ದಿನ ಅವಳು ಹೇಳಿದ ಕಥೆಯನ್ನು ಹಳೆಯ ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದ. ಪುಟಕ್ಕೆ ನಾಲ್ಕೇ ಸಾಲು, ಒಂದೊಂದು ಅಕ್ಷರವೂ ಕಡಲೆಬೀಜದಷ್ಟು ದಪ್ಪ. ಬಾಗಿಲಿಗೆ ಒಂದು ರಟ್ಟು ತೂಗಿತು: "ನಾಲ್ಕರಿಂದ ನಾಲ್ಕೂವರೆ, ಕೈ ಖಾಲಿ ಇಲ್ಲ." ಆ ಅರ್ಧ ಗಂಟೆ ಅವನು ಕತ್ತರಿ ಕೆಳಗಿಟ್ಟು ಮಗಳ ಪಕ್ಕ ಬೆಂಚಿನ ಮೇಲೆ ಕೂರುತ್ತಿದ್ದ, ಕಣ್ಣು ಪುಟದ ಮೇಲೆ. ಒಮ್ಮೆ ಬೇಕರಿಯವನ ಅರ್ಧ ತಲೆ ಮುಗಿಯುವಷ್ಟರಲ್ಲಿ ನಾಲ್ಕು ಹೊಡೆಯಿತು. ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಅರ್ಧ ಗಂಟೆ ಕೂತೇ ಇದ್ದ. "ನನ್ನ ಬನ್ನು ಸೀದುಹೋಗತ್ತೆ ಕಣಪ್ಪಾ!" ಎಂದು ಅವನು ಬೊಬ್ಬೆ ಹಾಕಿದರೆ, "ಬನ್ನು ನಾಳೆ ಬೇರೆ ಮಾಡ್ಬಹುದು ಅಣ್ಣಾ" ಎಂದ ನಿಧಾನಪ್ಪ.

ತಾನೇ ಕಟ್ಟಿದ ಕಥೆ, ಹಾಗಾಗಿ ಮುಂದಿನ ಪದ ಏನಿರಬಹುದೆಂದು ಅವಳಿಗೆ ಹೊಳೆಯುತ್ತಿತ್ತು. ಆ ಊಹೆಯನ್ನು ಹಿಡಿದುಕೊಂಡು ಬೆರಳು ಅಕ್ಷರದಿಂದ ಅಕ್ಷರಕ್ಕೆ ಹೋಗುತ್ತಿತ್ತು. ಒತ್ತಕ್ಷರ ಬಂದಲ್ಲಿ ನಿಂತು ಮುಖ ಹುಳ್ಳಗೆ ಮಾಡಿದರೆ, ಅಪ್ಪ ಹೇಳುತ್ತಿದ್ದ: "ಅಲ್ಲಿ ಕಿವಿ ಬಂತು ಅಂದ್ಕೋ. ಕಿವಿ ಹತ್ರ ನಾನು ಏನ್ಮಾಡ್ತೀನಿ?"

"ನಿಧಾನ ಮಾಡ್ತೀಯ."

"ಯಾಕೆ?"

"ಇಲ್ಲಾಂದ್ರೆ ರಕ್ತ ಬರತ್ತೆ."

"ಹ್ಞಾಂ. ಮೊದ್ಲು ಮೇಲಿನ ಅಕ್ಷರ, ಆಮೇಲೆ ಕೆಳಗಿಂದು. ಯಾರೂ ಓಡಿಸ್ಕೊಂಡು ಬರ್ತಾ ಇಲ್ಲ."

ಬೆಂಚಿನ ಮೇಲೆ ಯಾರೂ ನಗಬಾರದೆಂದು ನಾನೇ ಕಾವಲು ಕೂತಿದ್ದೆ. ನಗುವ ಪ್ರಸಂಗವೇ ಬರಲಿಲ್ಲ. ಅವಳು ಒಂದು ಪದದ ಮೇಲೆ ಒದ್ದಾಡುತ್ತಿದ್ದರೆ ನಾವು ಐದು ಜನ ಗಂಡಸರು ಉಸಿರು ಬಿಗಿಹಿಡಿದು ಕೂರುತ್ತಿದ್ದೆವು. ಪದ ಬಿಡಿಸಿದಾಗ ಎಲ್ಲರ ಉಸಿರೂ ಒಟ್ಟಿಗೆ ಹೊರಬರುತ್ತಿತ್ತು. ಭಾನುವಾರ ತಾಯಿಯೂ ಬಂದು ಕೂರುತ್ತಿದ್ದಳು. ಆಕೆಗೆ ಒಂಟೆಗಿಂತ, ಕನ್ನಡಿಯೊಳಗೆ ಸಿಕ್ಕಿಹಾಕಿಕೊಂಡ ಕೋತಿಯ ಕಥೆ ಇಷ್ಟ.

ಒಂದೂವರೆ ತಿಂಗಳಾಗಿತ್ತು. ಅವತ್ತು ಒಂಟೆ ಕಥೆಯ ಎರಡನೇ ಭಾಗ. ಚೂಟಿ ಬೆರಳಿಟ್ಟು ಓದಿದಳು: "ಒಂಟೆ... ಪೌಡರ್... ಹಾಕಿಸಿಕೊಂಡು... ಮನೆಗೆ ಹೋಯಿತು. ಊಟ ಮಾಡಿ... ಮಲಗಿತು."

ಬೆರಳು ನಿಂತಿತು. ಪುಟ ತಿರುವಿದಳು. ಹಿಂದೆ ಖಾಲಿ. ಮತ್ತೆ ಮೊದಲಿನ ಪುಟಕ್ಕೆ ಬಂದು ಸಾಲಿನ ಮೇಲೆ ಬೆರಳಾಡಿಸಿದಳು.

"ಅಪ್ಪಾ, ಅವರಮ್ಮ ಎಲ್ಲಿ?"

"ಯಾರಮ್ಮ?"

"ಒಂಟೆಯಮ್ಮ! ಪೌಡರ್ ನೋಡಿ ಗುರುತೇ ಸಿಗದೆ 'ನೀವ್ಯಾರು, ಯಾರು ಬೇಕಾಗಿತ್ತು' ಅಂತ ಬಾಗಿಲು ಹಾಕ್ಕೊಂಡ್ರಲ್ಲ. ನಿನ್ನೆ ಹೇಳಿದ್ನಲ್ಲ. ಇಲ್ಲಿ ಇಲ್ವೇ ಇಲ್ಲ!"

ನಿಧಾನಪ್ಪ ತಪ್ಪಿತಸ್ಥನಂತೆ ತಲೆ ಕೆರೆದುಕೊಂಡ. "ಉದ್ದ ಆಯ್ತು ಅಂತ ಸ್ವಲ್ಪ ತೆಗೆದೆ ಪುಟ್ಟಾ. ಕೈ ನೋಯ್ತಿತ್ತು."

"ನನ್ನ ಕಥೆಗೂ ಕಟಿಂಗ್ ಮಾಡಿದ್ದೀಯಾ?"

ಎಲ್ಲ ಗೊಳ್ಳೆಂದು ನಕ್ಕರು. ನಾನು ನಗಲಿಲ್ಲ. ನನಗೆ ಅರ್ಥವಾಗಿತ್ತು. ಬಾಯಿಪಾಠ ಒಪ್ಪಿಸುವವಳಾಗಿದ್ದರೆ ಇಲ್ಲದ ಅಮ್ಮನನ್ನು ಸೇರಿಸಿಕೊಂಡು ಹೇಳಿ ಮುಗಿಸುತ್ತಿದ್ದಳು. ಇವಳು ಹಾಳೆಯ ಮೇಲೆ ಇಲ್ಲದ್ದನ್ನು ಇಲ್ಲ ಎಂದಳು. ಮೂವತ್ತೊಂದು ವರ್ಷ ನಾನು ಮಾಡಿದ ಕೆಲಸವೂ ಅದೇ. ಎದ್ದು ಹೋಗಿ ಅವಳ ತಲೆ ಸವರಿದೆ. "ತಾತಾ, ನೀವೇ ಹೇಳಿ ಅಪ್ಪಂಗೆ" ಎಂದು ದೂರು ಕೊಟ್ಟಳು.

ಆದರೆ ಅದು ಅವಳದೇ ಕಥೆ. ಪರೀಕ್ಷೆಯ ಪುಟ ಯಾರದೋ. ಉಳಿದ ದಿನಗಳಲ್ಲಿ ನಿಧಾನಪ್ಪ ಶಾಲೆಯ ಪುಸ್ತಕಗಳನ್ನೇ ಮತ್ತೆ ಶುರುಮಾಡಿಸಿದ. ಕೆಲವು ದಿನ ಸಲೀಸು, ಕೆಲವು ದಿನ ಅಳು. ಬೇಸರವಾದ ಕಡೆ ಅವಳು ಕಣ್ಣು ಚಿತ್ರಕ್ಕೆ ಹಾರಿಸಿ ಕಾಗಕ್ಕ ಗುಬ್ಬಕ್ಕನ ಕಥೆ ಶುರು ಮಾಡುವುದು ಇನ್ನೂ ಪೂರ್ತಿ ಹೋಗಿರಲಿಲ್ಲ. ಅವನ ಎದೆಯ ಭಯವೂ ಅದೇ ಆಗಿತ್ತು.

ಪರೀಕ್ಷೆಯ ದಿನ ಅಂಗಡಿ ಮುಚ್ಚಿ ನನ್ನ ಮನೆಗೆ ಬಂದ. "ನೀವೂ ಬನ್ನಿ ಸರ್. ಟೀಚರ್ ಅಂದ್ರೆ ನಂಗೆ ಈಗಲೂ ಭಯ." ಹೋದೆವು. ತಾಯಿಗೆ ರಜೆ ಸಿಕ್ಕಿರಲಿಲ್ಲ. ನಮ್ಮಿಬ್ಬರನ್ನು ತರಗತಿಯ ಹೊರಗೆ, ಮಕ್ಕಳ ಪುಟ್ಟ ಬೆಂಚಿನ ಮೇಲೆ ಕೂರಿಸಿದರು. ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಬಾಗಿಲು ಅರ್ಧ ತೆರೆದಿತ್ತು, ಒಳಗಿನದು ಕಾಣುತ್ತಿರಲಿಲ್ಲ, ಕೇಳುತ್ತಿತ್ತು.

ಟೀಚರ್ ಪುಟ ಕೊಟ್ಟು, "ಓದಮ್ಮಾ" ಎಂದರು. ಆಮೇಲೆ ಚೂಟಿಯ ದನಿ ಬಂತು, ಅರಳು ಹುರಿದ ಹಾಗಲ್ಲ, ಒಂದೊಂದೇ ಕಲ್ಲು ಎತ್ತಿಟ್ಟ ಹಾಗೆ.

"ಇದು... ಪೆ...ಟ್ಟಿ...ಗೆ. ಪೆಟ್ಟಿಗೆಯ ಒಳಗೆ... ಬ...ಟ್ಟೆ ಇದೆ."

ನಿಧಾನಪ್ಪ ನನ್ನ ತೋಳು ಹಿಡಿದ. ಕತ್ತರಿ ಹಿಡಿದು ಗಟ್ಟಿಯಾದ ಬೆರಳು ನನ್ನ ಮೂಳೆಗೆ ತಾಕಿತು. ಪೆಟ್ಟಿಗೆ ಎಂದ ಮೇಲೆ ಮುಗಿಯಿತು, ಈಗ ಅದರೊಳಗಿಂದ ಯಾವುದೋ ಮೊಸಳೆ ಎದ್ದುಬರುತ್ತದೆ, ಬಟ್ಟೆ ಹಾಕಿಕೊಂಡು ಮದುವೆಗೆ ಹೊರಡುತ್ತದೆ ಎಂದು ನಾನೂ ಅಂದುಕೊಂಡೆ.

"ಬಟ್ಟೆಯ... ಬ...ಣ್ಣ... ಹಳದಿ." ಹಾಳೆಯ ಸದ್ದು. "ಅ...ಕ್ಕ... ಬಟ್ಟೆ... ಮಡಿಚಿದಳು. ಅಕ್ಕ ಪೆಟ್ಟಿಗೆ... ಮು...ಚ್ಚಿ...ದಳು."

ಅಷ್ಟೇ. ಮೊಸಳೆ ಬರಲಿಲ್ಲ, ಪೆಟ್ಟಿಗೆ ಮುಚ್ಚಿಯೇ ಹೋಯಿತು.

ನಿಧಾನಪ್ಪನ ಕಣ್ಣಲ್ಲಿ ನೀರು ದಳದಳ ಸುರಿಯಿತು. ಒರೆಸಿಕೊಳ್ಳಲೂ ಇಲ್ಲ.

"ಸರ್," ಎಂದ, ಪಿಸುಗುಟ್ಟಿ, "ಇಷ್ಟು ಸಪ್ಪೆ ಕಥೆ ನನ್ನ ಮಗಳು ಕಟ್ಟೋಕೆ ಸಾಧ್ಯಾನೇ ಇಲ್ಲ. ಅವಳು ಓದ್ತಾ ಇದಾಳೆ ಸರ್."