ಹತ್ತಕ್ಕೆ ಇಳಿಯಬೇಕಿದ್ದ ವಿಮಾನ

ಗಡಿಯಾರ ರಿಪೇರಿಯ ಟಿಕ್‌ಟಿಕ್ ಮಾವ ನಲವತ್ತು ವರ್ಷ ಊರವರ ಗಡಿಯಾರಗಳ ಕಿವಿ ಹಿಂಡಿ ದಾರಿಗೆ ತಂದವನು. ಯಾರು ಎರಡು ನಿಮಿಷ ತಡಮಾಡಿದರೂ ಸಿಡುಕುತ್ತಿದ್ದ. ಅವನ ಹೆಂಡತಿ ಮೊದಲ ಸಲ ವಿಮಾನ ಹತ್ತಿ ಬೇರೆ ದೇಶದಲ್ಲಿದ್ದ ತಂಗಿಯ ಮನೆಗೆ ಹೊರಟಳು. ಒಂಬತ್ತಕ್ಕೆ ಹೊರಟು ಹತ್ತಕ್ಕೆ ಇಳಿಯುತ್ತದೆ ಎಂದು ಟಿಕೆಟ್ಟಿನಲ್ಲಿತ್ತು.

"ಸಾವಿರದ ಇನ್ನೂರು ಕಿಲೋಮೀಟರ್ ಒಂದೇ ಗಂಟೇಲಿ! ವಿಮಾನ ಅಂದ್ರೆ ಸುಮ್ನೇನಾ?" ಎಂದು ಪಕ್ಕದಂಗಡಿಯ ದರ್ಜಿಯೆದುರು ಜಂಬ ಕೊಚ್ಚಿಕೊಂಡಿದ್ದ.

ಹತ್ತಾಯಿತು, ಫೋನ್ ಬರಲಿಲ್ಲ. ಹತ್ತೂಕಾಲಿಗೆ ತಾನೇ ಫೋನ್ ಮಾಡಿದ, ಸ್ವಿಚ್ ಆಫ್. ಹತ್ತೂವರೆಗೆ, ಹಿಡಿದಿದ್ದ ಸ್ಕ್ರೂ ಎಲ್ಲಿಗೋ ಹಾರಿತು. ಅವಳ ಫೋನ್ ಆಗಲೂ ಸ್ವಿಚ್ ಆಫ್. ಗೋಡೆಯ ಗಡಿಯಾರಗಳೆಲ್ಲ ಸೇರಿ ತಲೆಗೆ ಮೊಳೆ ಹೊಡೆಯುತ್ತಿವೆ ಅನ್ನಿಸಿ, ಎದ್ದು ಒಂದೊಂದನ್ನೇ ನಿಲ್ಲಿಸಿದ. ಅಂಗಡಿ ನಿಶ್ಶಬ್ದವಾಯಿತು. ಅದು ಇನ್ನೂ ಭಯಂಕರವಾಗಿತ್ತು.

ಕೊನೆಗೆ ಮೊಬೈಲು ಬಡಿದುಕೊಂಡಾಗ ಅದರಲ್ಲಿ ಹನ್ನೊಂದೂ ಐದು.

"ಎಲ್ಲಿದ್ದೆ ಇಷ್ಟೊತ್ತು? ಜೀವ ಬಾಯಿಗೆ ಬಂದಿತ್ತು ಕಣೇ!"

"ಸರಿಯಾಗಿ ಹತ್ತಕ್ಕೇ ಇಳಿದ್ವಲ್ರೀ. ಇಲ್ಲಿ ಟೈಮು ಒಂದು ಗಂಟೆ ಹಿಂದೆ. ಎರಡು ಗಂಟೆ ಹಾರಿದ್ವಿ. ಗಡಿಯಾರದವ್ರಿಗೆ ಇದೂ ಗೊತ್ತಿಲ್ವಾ?"

ಅವನು ಗಡಿಯಾರಗಳನ್ನು ಮತ್ತೆ ನಡೆಸಿದ. ಒಂದನ್ನು ಮಾತ್ರ ಒಂದು ಗಂಟೆ ಹಿಂದಿಟ್ಟು ಕಣ್ಣೆದುರಿಗೇ ತೂಗುಹಾಕಿದ.

"ಅದು ಹಿಂದಿದೆಯಲ್ಲ ಮಾವ," ಎಂದ ದರ್ಜಿ.

"ಮುಟ್ಟಿದ್ರೆ ನೋಡು! ಅವಳು ಮನೆಗೆ ಬರೋ ತನಕ ಅದೇ ಸರಿ, ಮಿಕ್ಕಿದ್ದೆಲ್ಲ ತಪ್ಪು."