ಮುಳುಗಿದ ಮನೆಯ ಚಿತ್ರ

ಬಸವನ ಬಾಗೇವಾಡಿಯ ಹೈಸ್ಕೂಲಿನಲ್ಲಿ ಚಿತ್ರಕಲಾ ಶಿಕ್ಷಕನಾಗಿ ಇಪ್ಪತ್ತೆರಡು ವರ್ಷ ಕಳೆದಿದ್ದೆ. ಅಷ್ಟೂ ವರ್ಷ ಮನೆಯಲ್ಲಿ ಕೂತು ಬರೆದದ್ದು ಕೊಡ ಹೊತ್ತ ಹೆಂಗಸರು, ಜೋಡೆತ್ತು, ಮುಳುಗುವ ಸೂರ್ಯ. ಒಮ್ಮೆ ಇಂಡಿ ಪಟ್ಟಣದ ಪ್ರದರ್ಶನದಲ್ಲಿ ಹಿರಿಯ ಕಲಾವಿದರೊಬ್ಬರು ನನ್ನ ಚಿತ್ರದ ಮುಂದೆ ನಿಂತು, "ಕೈ ಛಲೋ ಐತ್ರಿ ನಿಮ್ದು. ಆದ್ರ ಇದನ್ನ ಎಲ್ಲೋ ನೋಡೇನಿ" ಎಂದರು. ಬೈದಿದ್ದರೆ ಜಗಳವಾಡಬಹುದಿತ್ತು. ಅವರು ಹೇಳಿದ್ದು ನಿಜ. ಆ ಎತ್ತುಗಳನ್ನು ನಾನು ಕ್ಯಾಲೆಂಡರ್ ನೋಡಿ ಬರೆದಿದ್ದೆ.

ಆಮೇಲೆ ಎರಡು ವರ್ಷ ಕುಂಚ ಮುಟ್ಟಲಿಲ್ಲ. ಹೊಸದೇನಾದರೂ ಹೊಳೆದೀತು ಎಂದು ರಜೆಯಲ್ಲಿ ಸಿಂದಗಿ, ಮುದ್ದೇಬಿಹಾಳ ಎಂದು ಬಸ್ಸಿನಲ್ಲಿ ಸುಮ್ಮನೆ ತಿರುಗಿದೆ. ಕಿಟಕಿಯಾಚೆ ತೊಗರಿ ಹೊಲ, ಮತ್ತೆ ತೊಗರಿ ಹೊಲ. ಖಾಲಿ ಹಾಳೆಯೊಂದಿಗೇ ವಾಪಸು ಬರುತ್ತಿದ್ದೆ.

ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಮುಸ್ಲಿಂ ಹೆಂಗಸು ಕೊಲ್ಹಾರದವರು. ಹಳೆಯ ಕೊಲ್ಹಾರ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದಾಗ ಅವರ ತವರುಮನೆಯೂ ಹೋಗಿತ್ತು. ಒಂದು ಮಧ್ಯಾಹ್ನ ಕೈ ಒರೆಸಿಕೊಳ್ಳುತ್ತ ನನ್ನ ಕೋಣೆಗೆ ಬಂದರು.

"ಸರ, ನಮ್ಮ ಹಳೇ ಮನಿದು ಒಂದ ಫೋಟೊ ಸೈತ ಇಲ್ರಿ. ನಾ ಹೇಳ್ತೇನಿ, ನೀವು ಚಿತ್ರ ತಗದ ಕೊಡ್ತೀರೇನ್ರಿ?"

ಒಲ್ಲೆ ಎನ್ನಲೂ ಆಯಾಸವಾಗಿ ಪೆನ್ಸಿಲ್ ಹಿಡಿದೆ.

"ಬಾಗಲಾ ಅಷ್ಟ ಎತ್ತರ ಇರ್ಲಿಲ್ರಿ. ನಮ್ಮಪ್ಪ ಬಗ್ಗಿ ಒಳಗ ಬರ್ತಿದ್ದ."

ಅಳಿಸಿ ತಗ್ಗಿಸಿದೆ. ಅದೂ ಸರಿಯಾಗಲಿಲ್ಲ. ಮರುದಿನ ತಂಗಿಯನ್ನು ಕರೆತಂದರು. ತಂಗಿ ಹಾಳೆ ನೋಡಿ, "ಒಲಿ ಇತ್ಲಾಗ ಇತ್ತು" ಎಂದರು.

"ಆಗ ನೀ ಸಣ್ಣಾಕಿ, ನಿನಗೇನ ಗೊತ್ತು?" ಎಂದರು ಅಕ್ಕ.

"ಸುಟ್ಟಕೊಂಡಾಕಿ ನಾ. ನನಗ ಗೊತ್ತಿಲ್ಲೇನು?" ತಂಗಿ ತೋಳು ಸರಿಸಿ ಮೊಣಕೈ ಮೇಲಿನ ಕಲೆ ತೋರಿಸಿದರು. ಅಕ್ಕ ರಬ್ಬರನ್ನು ನನ್ನ ಕಡೆ ಸರಿಸಿದರು.

ನಾಲ್ಕು ದಿನ ಹೀಗೇ ನಡೆಯಿತು. ಹಾಳೆ ಸವೆದು ತೆಳ್ಳಗಾಯಿತು. ಒಂದರೊಳಗೊಂದು ಮೂರು ಬಾಗಿಲು, ಅರ್ಧ ಅಳಿಸಿದ ಎರಡು ಒಲೆ. ಬೇಸತ್ತು ಮುದುರಿ ಎಸೆಯಲು ಹೋದವನು ಹಾಗೇ ನೋಡುತ್ತ ಕೂತೆ. ಇಬ್ಬರು ಅಕ್ಕತಂಗಿಯರ ನೆನಪು, ಅವರ ತಕರಾರು ಎಲ್ಲ ಅದರಲ್ಲಿತ್ತು. ನಾನು ಅಂಥದ್ದನ್ನು ಎಂದೂ ಬರೆದಿರಲಿಲ್ಲ.

ಅವರಿಗೆ ಬೇರೆ ಹಾಳೆಯಲ್ಲಿ ನೀಟಾಗಿ ಒಂದೇ ಬಾಗಿಲು, ತಂಗಿ ಹೇಳಿದ ಕಡೆ ಒಲೆ ಬರೆದುಕೊಟ್ಟೆ. ಅಕ್ಕ ಚಿತ್ರದ ಹೊಸ್ತಿಲನ್ನು ಬೆರಳಿಂದ ಮುಟ್ಟಿ ನೋಡಿದರು. ಹಳೆಯ ಹಾಳೆ ತೋರಿಸಿದರೆ, "ಅದ್ಯಾಕ್ರಿ ಸರ, ಹೊಲಸಾಗೇತಿ, ಒಗದ ಬಿಡ್ರಿ" ಎಂದರು.

ಒಗೆಯಲಿಲ್ಲ. ಈಗ ಭಾನುವಾರಗಳಂದು ಕೊಲ್ಹಾರಕ್ಕೆ, ನಿಡಗುಂದಿಗೆ ಹೋಗಿ, ಮನೆ ಕಳಕೊಂಡವರ ಎದುರು ಕೂತು ಬರೆಯುತ್ತೇನೆ, ಪೂರ್ತಿ ಅಳಿಸದೆ ತಿದ್ದುತ್ತೇನೆ. ಪ್ರದರ್ಶನಕ್ಕೆ ಕಳಿಸಿದ ಮೂರರಲ್ಲಿ ಎರಡು ವಾಪಸು ಬಂದವು. ಕಳೆದ ವಾರ ಮುದುಕರೊಬ್ಬರು ಅಂಗಳದ ಬೇವಿನ ಗಿಡದ ಬಗ್ಗೆ ಒಂದು ತಾಸು ಹೇಳಿದರು. ಕೋಣೆ ಎಷ್ಟಿದ್ದವು ಎಂದರೆ, "ನೆನಪಾಗವಲ್ದರಿ" ಎಂದು ತಲೆ ಅಲ್ಲಾಡಿಸಿದರು. ಗಿಡವನ್ನಷ್ಟೇ ಬರೆದು ಬಂದೆ. ಮತ್ತೆ ಹೋಗಬೇಕು. ಬಸ್ಸಿನ ಓಡಾಟಕ್ಕೆ ಮೈ ಒಲ್ಲೆನ್ನುತ್ತದೆ, ಆದರೂ ಹೋಗುತ್ತೇನೆ.