ಬೆನ್ನ ಮೇಲಿನ ದುಂಡು ಗುರುತುಗಳು

ದೋಲ್ಸೊಮ್ ದ್ವೀಪದವರಿಗೆ ಆರೋಗ್ಯ ಕೇಂದ್ರವೆಂದರೆ ಶುಶ್ರೂಷಕಿ ಶ್ರೀಮತಿ ಪ್ಯೊ ಇನ್‌ಸುಕ್ ಅವರೇ. ದೋಣಿ ಬಾರದ ದಿನಗಳಲ್ಲಿ ವೈದ್ಯರೂ ಅವರೇ, ಔಷಧಿ ಅಂಗಡಿಯೂ ಅವರೇ. ಹರೆಯದಲ್ಲಿ ಒಂದೇ ಪೆಟ್ಟಿಗೆ ಹಿಡಿದು ಬಂದಿಳಿದ ಅವರು ಈ ವಸಂತದಲ್ಲಿ ನಿವೃತ್ತರಾಗುತ್ತಿರುವಾಗ, ಒಂದು ಚಳಿಗಾಲ ಮತ್ತೆ ಮತ್ತೆ ನೆನಪಾಗುತ್ತದೆ.

ಕಡಲಪಾಚಿ ಒಣಗಿಸುವ ಶೆಡ್ಡಿನಲ್ಲಿ ದುಡಿಯುತ್ತಿದ್ದ ದಾನ್ಬಿ ಆಗ ಹದಿನೇಳರ ಹುಡುಗಿ. ಮೆಟ್ಟಿಲು ಹತ್ತಿದರೆ ಏದುಸಿರು. ಆಚೆ ದಡದ ಆಸ್ಪತ್ರೆಯ ಪರೀಕ್ಷೆಯಲ್ಲಿ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಇರಬೇಕಾದ್ದಕ್ಕಿಂತ ಬಹಳ ಹೆಚ್ಚಿವೆ ಎಂದು ಬಂತು. ಇಳಿಯದಿದ್ದರೆ ಸಿಯೋಲ್‌ಗೆ ಹೋಗಿ ಮೂಳೆಯ ಮಜ್ಜೆ ಪರೀಕ್ಷಿಸಬೇಕೆಂಬ ಮಾತು ಕಿವಿಗೆ ಬಿದ್ದದ್ದೇ, ತನಗೆ ರಕ್ತದ ಕ್ಯಾನ್ಸರ್ ಎಂದೇ ಅವಳು ತೀರ್ಮಾನಿಸಿ ಒಳಗೊಳಗೇ ಬೇಯತೊಡಗಿದಳು.

ಎರಡನೆಯ ಪರೀಕ್ಷೆಯಲ್ಲಿ ಸಂಖ್ಯೆ ಇನ್ನಷ್ಟು ಏರಿತು. ಆ ಕಾಗದ ಇನ್‌ಸುಕ್ ಅವರ ಕೈಗೆ ಬಂದಾಗ, ಏರಿದ ಸಂಖ್ಯೆಯ ಜೊತೆಗೆ ಇಳಿದಿದ್ದ ಹಿಮೋಗ್ಲೋಬಿನ್ ಅನ್ನೂ ಅವರು ಗಮನಿಸಿದರು. ಅಜ್ಜಿಯ ಜೊತೆ ಬಂದಿದ್ದ ದಾನ್ಬಿಯ ಎದೆಬಡಿತ ಕೇಳಲು ಅಂಗಿ ಎತ್ತಿದರೆ, ಬೆನ್ನ ತುಂಬ ಕಪ್ಪಿಟ್ಟ ದುಂಡು ಗುರುತುಗಳು, ನಡುವೆ ಸೂಜಿಯ ಚುಕ್ಕೆಗಳು.

"ಅಜ್ಜೀ, ಬೆನ್ನಿಗೆ ಬಟ್ಟಲು ಕವುಚಿ ರಕ್ತ ತೆಗೀತಿದೀರಾ?"

"ಇನ್ನೇನ್ ಮಾಡ್ಲಿ ಸಿಸ್ಟರೇ? ಹೆಪ್ಪುಗಟ್ಟೋ ಕಣ ಜಾಸ್ತಿ ಅಂದ್ರೆ ರಕ್ತ ಮಂದ ಆಗಿದೆ ಅಂತ ತಾನೆ? ತೆಗೆದ್ರೆ ತೆಳ್ಳಗಾಗುತ್ತೆ. ನನ್ನ ಬೆನ್ನಿಗೂ ಹಾಕ್ಕೋತೀನಿ, ಏನಾಗಿದೆ ನಂಗೆ?"

"ನಿಮ್ಮ ಬೆನ್ನು ದೋಣಿ ಹಲಗೆ ಬಿಡಿ! ಕಬ್ಬಿಣದ ಅಂಶ ಕಡಿಮೆ ಆದ್ರೂ ಈ ಕಣ ಹೆಚ್ಚುತ್ತೆ ಅಜ್ಜಿ. ರಕ್ತ ತೆಗೆದಷ್ಟೂ ಕಬ್ಬಿಣ ಇಳಿಯುತ್ತೆ, ಕಣ ಏರುತ್ತೆ."

ಅಜ್ಜಿಯ ಮುಖ ಬಾಡಿತು. "ಹಾಗಾದ್ರೆ ನಾನೇ..."

"ಪ್ರೀತಿಯಿಂದ ಮಾಡಿದ್ರಿ. ಇನ್ಮೇಲೆ ಅದೇ ಪ್ರೀತೀಲಿ ಚಿಪ್ಪುಮೀನಿನ ಸಾರು ಮಾಡಿ ಹಾಕಿ."

ಆಮೇಲೆ ಅಜ್ಜಿಯನ್ನು ಹೊರಗೆ ಕೂರಿಸಿ, ಪರದೆ ಎಳೆದು, ಮುಟ್ಟಿನ ಬಗ್ಗೆ ಮೆಲ್ಲಗೆ ಕೇಳಿದರು. ತಿಂಗಳು ತಿಂಗಳೂ ವಿಪರೀತ ಸ್ರಾವವಾಗುತ್ತಿದ್ದುದನ್ನು ನಾಚಿಕೆಯಿಂದ ಯಾರಿಗೂ ಹೇಳದಿದ್ದ ದಾನ್ಬಿ ಹೌದೆಂದು ತಲೆಯಾಡಿಸಿದಳು. ಕಬ್ಬಿಣದ ಪರೀಕ್ಷೆ ಅವರ ಅನುಮಾನವನ್ನೇ ನಿಜ ಮಾಡಿತು. ವೈದ್ಯರು ಬರೆದ ಮಾತ್ರೆಯನ್ನು ಟೀ, ಕಾಫಿಯ ಜೊತೆ ನುಂಗಬಾರದೆಂದು ಶೆಡ್ಡಿಗೇ ಬಂದು ನೆನಪಿಸುತ್ತಿದ್ದ ಇನ್‌ಸುಕ್ ಅವರು ಸುಳ್ಳು ಭರವಸೆಯನ್ನು ಮಾತ್ರ ಕೊಡಲಿಲ್ಲ. "ಕಬ್ಬಿಣ ತುಂಬಿದ ಮೇಲೂ ಕಣ ಇಳೀಲಿಲ್ಲ ಅಂದ್ರೆ ಸಿಯೋಲ್‌ಗೆ ಹೋಗೋಣ. ನಾನೂ ಬರ್ತೀನಿ ಕಣೇ."

ಆ ಕೊನೆಯ ಮಾತಿನ ಧೈರ್ಯದಲ್ಲೇ ದಾನ್ಬಿ ಆ ಚಳಿಗಾಲ ಕಳೆದಳು. ಗುಡ್ಡದಲ್ಲಿ ಹೂ ಬಿಡುವ ಹೊತ್ತಿಗೆ ಪ್ಲೇಟ್‌ಲೆಟ್ ಹದಕ್ಕೆ ಇಳಿದಿತ್ತು. ಸಿಯೋಲ್ ಪ್ರಯಾಣ ತಪ್ಪಿತು.

ಮೊನ್ನೆ ಬೀಳ್ಕೊಡುಗೆಯ ದಿನ ಅಜ್ಜಿ ಬಟ್ಟೆಯ ಗಂಟೊಂದನ್ನು ತಂದಿತ್ತಳು. ಒಳಗೆ ಅವೇ ಗಾಜಿನ ಬಟ್ಟಲುಗಳು. "ನನ್ನ ಹತ್ರ ಇದ್ರೆ ಕೈ ಸುಮ್ನಿರಲ್ಲ. ನೀವೇ ಇಟ್ಕೊಳ್ಳಿ."

"ನೀವು ಬಂದಾಗ ಇದ್ರಲ್ಲೇ ಬಾರ್ಲಿ ಟೀ ಕೊಡ್ತೀನಿ."

"ಥೂ, ಅದ್ರಲ್ಲಿ ಯಾರು ಕುಡೀತಾರೆ!"

ಇನ್‌ಸುಕ್ ಅವರಿಗೆ ದೀರ್ಘಾಯುಸ್ಸೂ ಆರೋಗ್ಯವೂ ಕೂಡಿಬರಲಿ. ಹೇಳಲಾರದವರ ಮಾತನ್ನು ಕೇಳಿಸಿಕೊಳ್ಳುವ ಅವರ ಕೆಲಸಕ್ಕೆ ನಿವೃತ್ತಿ ಬಾರದಿರಲಿ. ಅವರ ಮನೆ ಗುಡ್ಡದ ತುದಿಯಲ್ಲಿದೆ. ದಾನ್ಬಿ ಈಗ ಅಷ್ಟೂ ಮೆಟ್ಟಿಲನ್ನು ಎಲ್ಲೂ ನಿಲ್ಲದೆ ಹತ್ತಿ ಹೋಗಿ, ಬಾಗಿಲು ತಟ್ಟುತ್ತಾಳೆ.